ಮಿರಿಯಂ ಮಕೇಬಾ ಸಿನಿಮಾಗಳನ್ನು ಕೊನೆಯಿಂದ ಮೊದಲಿಗೆ ತೋರಿಸಿದೆ: ನನ್ನ ಅನುಭವ

ದಕ್ಷಿಣ ಆಫ್ರಿಕಾದ ಗಾಯಕಿ ಮಿರಿಯಂ ಮಕೇಬಾ ಇರುವ ಸಿನಿಮಾಗಳನ್ನು ತೋರಿಸುತ್ತೇನೆ ಅಂದರೆ ಎಲ್ಲರೂ ಕೊಡುವ ಸಲಹೆ ಒಂದೇ. ಹಾಡಿನ ತುಣುಕು ಜೋಡಿಸು, ಒಂದು ಗಂಟೆ ತೋರಿಸು, ಊಟ ಹಾಕಿ ಕಳಿಸು. ಜೋಹಾನ್ಸ್‌ಬರ್ಗ್‌ನಲ್ಲಿ ನಮ್ಮ ಸಣ್ಣ ಸಿನಿಮಾ ಬಳಗಕ್ಕೆ ನಾನು ಮೊದಲು ಮಾಡಿದ್ದೂ ಅದನ್ನೇ. ನೆಲಕಚ್ಚಿತು. ಆಕೆಯ ಹೆಸರಾಂತ ಹಾಡು 'ಪಾಟಾ ಪಾಟಾ' ಬಂದಾಗ ಒಂದಿಷ್ಟು ಜನ ಕುಣಿದರು. ಆಮೇಲೆ ಅರ್ಧ ಸಭೆ ಸಮೋಸಾ ಕಡೆಗೆ ಹೋಯಿತು. ಹಾಲ್ ಬಾಡಿಗೆ, ಪ್ರೊಜೆಕ್ಟರ್ ಬಾಡಿಗೆ, ಫೋರ್ಡ್ಸ್‌ಬರ್ಗ್‌ನಿಂದ ತಂದ ಸಮೋಸಾ, ಎಲ್ಲ ಸೇರಿ ಮೂರು ಸಾವಿರ ರ‍್ಯಾಂಡ್ ಆಸುಪಾಸು ಹೋಯಿತು. ಡಬ್ಬಿಯಲ್ಲಿ ಬಿದ್ದದ್ದು ಅದರ ಕಾಲುಭಾಗ.

ಎರಡನೇ ಸಲ ಕಾಲಕ್ರಮದಲ್ಲಿ ಹೋದೆ. ಮೊದಲು 1959ರ 'ಕಮ್ ಬ್ಯಾಕ್, ಆಫ್ರಿಕಾ'. ಅದು ಇನ್ನೂ ಕೆಟ್ಟದಾಯಿತು. ಒಂದೂಕಾಲು ಗಂಟೆ ದಾಟುವ ಸಿನಿಮಾದಲ್ಲಿ ಮಕೇಬಾ ಇರುವುದು ಕೆಲವೇ ನಿಮಿಷ, ಅದೂ ಕೊನೆಯ ಕಡೆಗೆ. ಝುಲುಲ್ಯಾಂಡ್‌ನಿಂದ ಗಣಿ ಕೆಲಸಕ್ಕೆ ಬಂದ ಕಥಾನಾಯಕ ಜಕರಾಯ ಒಂದರ ಹಿಂದೆ ಒಂದು ಕೆಲಸ ಕಳೆದುಕೊಳ್ಳುತ್ತಿದ್ದರೆ, ಜನ "ಮಕೇಬಾ ಎಲ್ಲಿ?" ಅಂತ ಫೋನ್ ತೆಗೆದರು. ಬಳಗದ ಹಿರಿಯರೊಬ್ಬರು ಇದನ್ನು ಇಲ್ಲಿಗೇ ಬಿಡು, ದುಡ್ಡು ದಂಡ ಅಂದರು.

ಬಿಡಲಿಲ್ಲ. ಮೂರನೇ ಸಲ ಕ್ರಮವನ್ನೇ ತಿರುಗಿಸಿದೆ. ಮೊದಲ ಸಂಜೆ 1992ರ 'ಸರಾಫಿನಾ!'. 1976ರ ಸೊವೆಟೊ ದಂಗೆಯ, ಅಂದರೆ ಕಪ್ಪು ವಿದ್ಯಾರ್ಥಿಗಳು ಎದ್ದು ನಿಂತ ದಂಗೆಯ ಕತೆ, ಲೆಲೆಟಿ ಖುಮಾಲೊ, ವೂಪಿ ಗೋಲ್ಡ್‌ಬರ್ಗ್. ಈ ಊರಲ್ಲಿ ಅದಕ್ಕೆ ಪೋಸ್ಟರ್ ಬೇಕಿಲ್ಲ, ಜನ ತಾನಾಗಿ ಬಂದರು. ಅದರಲ್ಲಿ ಮಕೇಬಾ ನಾಯಕಿ ಸರಾಫಿನಾಳ ತಾಯಿ. ಬಿಳಿಯರ ಮನೆಯಲ್ಲಿ ಕೆಲಸದಾಕೆ. ಪಾತ್ರ ಚಿಕ್ಕದು, ವಯಸ್ಸು ಅರವತ್ತರ ಹತ್ತಿರ. ಜಗತ್ತೆಲ್ಲ ಹಾಡಿದ ಹೆಂಗಸನ್ನು ಮೊದಲ ಬಾರಿಗೆ ಹೀಗೆ ನೋಡಿದವರಿಗೆ ಕುತೂಹಲ ಹುಟ್ಟಿತು, ನನಗೆ ಬೇಕಾಗಿದ್ದೂ ಅದೇ.

ಎರಡನೇ ಸಂಜೆ 'ಸೋಲ್ ಪವರ್'. ಮಕೇಬಾ ಹಾಡಿದ್ದ 1974ರ ಕಿನ್ಶಾಸಾ (ಕಾಂಗೋ) ಸಂಗೀತೋತ್ಸವದ ಉಳಿದ ಫೂಟೇಜ್‌ನಿಂದ 2008ರಲ್ಲಿ ಕಟ್ಟಿದ ಚಿತ್ರ. ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಧ್ವನಿ ಜೋರಾಗಿಡಿ ಸಾಕು.

ಮೂರನೇ ಸಂಜೆ 'ಕಮ್ ಬ್ಯಾಕ್, ಆಫ್ರಿಕಾ', ಪೂರ್ತಿ, ಒಂದು ಫ್ರೇಮೂ ಬಿಡದೆ. ಶುರುವಾಗುವ ಮೊದಲು ನಾನು ಹೇಳಿದ್ದು ಇಷ್ಟೇ. ಅಮೆರಿಕದ ಲಯನಲ್ ರೊಗೊಸಿನ್ ಇಲ್ಲಿನ ಅಧಿಕಾರಿಗಳಿಗೆ ಸಂಗೀತದ ಸಿನಿಮಾ ಮಾಡುತ್ತೇನೆ ಅಂತ ಸುಳ್ಳು ಹೇಳಿ, ಸರ್ಕಾರ ಒಡೆದು ಹಾಕುತ್ತಿದ್ದ ಕಪ್ಪು ಜನರ ಬಡಾವಣೆ ಸೋಫಿಯಾಟೌನ್‌ನಲ್ಲಿ ಇದನ್ನು ತೆಗೆದ. 1959ರಲ್ಲಿ ವೆನಿಸ್ ಉತ್ಸವದಲ್ಲಿ ಅದು ತೆರೆ ಕಂಡಾಗ ಮಕೇಬಾ ಅಲ್ಲಿದ್ದಳು. 1960ರಲ್ಲಿ ತಾಯಿ ತೀರಿಹೋದಾಗ ವಾಪಸ್ ಬರಲು ಹೊರಟರೆ ಪಾಸ್‌ಪೋರ್ಟ್ ರದ್ದಾಗಿತ್ತು. 1963ರಲ್ಲಿ ವಿಶ್ವಸಂಸ್ಥೆಯಲ್ಲಿ ವರ್ಣಭೇದದ ವಿರುದ್ಧ ಮಾತಾಡಿದ ಮೇಲೆ ಪೌರತ್ವವೂ ಹೋಯಿತು. ಊರಿಗೆ ಮರಳಿದ್ದು 1990ರಲ್ಲಿ.

ಇಷ್ಟು ತಿಳಿದ ಮೇಲೆ ನೋಡಿ ಮಜಾ. ಶೆಬೀನ್ (ಕಳ್ಳ ಹೆಂಡದಂಗಡಿ) ದೃಶ್ಯದಲ್ಲಿ ಆ ಕಾಲದ ಲೇಖಕರಾದ ಕ್ಯಾನ್ ಥೆಂಬಾ, ಲೂಯಿಸ್ ನ್ಕೋಸಿ, ಬ್ಲೋಕ್ ಮೊಡಿಸಾನೆ ಕೂತು ವಾದ ಮಾಡುತ್ತಾರೆ. ಅಷ್ಟರಲ್ಲಿ ಮಕೇಬಾ ಬಂದು ಹಾಡುತ್ತಾಳೆ. ರೊಗೊಸಿನ್ ಹೇಳಿದ ಸುಳ್ಳಿನಲ್ಲಿ ನಿಜವಾದ ಪಾಲು ಅಂದರೆ ಇಂಥ ಹಾಡುಗಳೇ, ಅಲ್ವಾ? ಹೋದ ಸಲ ಫೋನ್ ತೆಗೆದಿದ್ದವರಲ್ಲಿ ಒಬ್ಬ ಗೆಳೆಯ ಈ ಸಲ ಆ ಭಾಗವನ್ನು ಮತ್ತೆ ಹಾಕಿಸಿದ. ಮುಗಿದ ಮೇಲೆ ಚರ್ಚೆ ಎಷ್ಟು ಬೆಳೆಯಿತೆಂದರೆ ಕಾವಲುಗಾರ ಬಂದು ದೀಪ ಆರಿಸಿ ಎಬ್ಬಿಸಬೇಕಾಯಿತು.

ತಾಂತ್ರಿಕವಾಗಿ ಒಂದು ಮಾತು. ಇಂಥ ಹಳೆಯ ಮೋನೋ (ಒಂದೇ ಚಾನೆಲ್‌ನ) ಧ್ವನಿಯನ್ನು ನಾಲ್ಕು ಮೂಲೆಯ ಸ್ಪೀಕರ್‌ಗೆ ಹರಡಬೇಡಿ. ಒಂದೇ ಒಂದು ಪೆಟ್ಟಿಗೆ, ಪರದೆಯ ಕೆಳಗೆ, ನಡುವಿಗೆ ಇಡಿ. ಬಾಸ್ ತಗ್ಗಿಸಿ. ಎಷ್ಟು ತಗ್ಗಿಸಬೇಕು ಅನ್ನುವುದು ನಿಮ್ಮ ಹಾಲ್ ಮೇಲೆ ನಿಂತಿದೆ. ಇನ್ನು ಪ್ರದರ್ಶನದ ಹಕ್ಕಿನ ಹಣ. ವಿತರಕರು ಮೊದಲು ಹೇಳಿದ ರೇಟು ಕೇಳಿ ತಲೆ ತಿರುಗಿತ್ತು, ಕೊನೆಗೆ ಕೊಟ್ಟದ್ದು ಹೆಚ್ಚುಕಡಿಮೆ ಅರ್ಧ. ಹೇಗೆ ಇಳಿಸಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಬರೆದರೆ ಮುಂದಿನ ಸಲ ನನಗೇ ಸಿಗದು. ಮೂರನೇ ಸಂಜೆ ಇಂಟರ್ವಲ್ ಎಲ್ಲಿ ಕೊಟ್ಟೆ ಅನ್ನುವುದೂ ನನ್ನ ಹತ್ತಿರವೇ ಇರಲಿ.

ನಡುವೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ಕಾಂಗೋದ ಗಾಯಕ ಪಾಪಾ ವೆಂಬಾ ನಟಿಸಿದ 1987ರ 'ಲಾ ವೀ ಎ ಬೆಲ್'. ಹಳ್ಳಿ ಹುಡುಗ ಗಾಯಕನಾಗಲು ಕಿನ್ಶಾಸಾಕ್ಕೆ ಬರುವ ಕತೆ. ಅಲ್ಲಿ ಗಾಯಕನೇ ನಾಯಕ, ಇಡೀ ಸಿನಿಮಾ ಅವನದೇ, ಮಕೇಬಾಗೆ ಮಾಡಿದ ಸರ್ಕಸ್ ಒಂದೂ ಬೇಕಾಗಲಿಲ್ಲ. ಚೆನ್ನಾಗಿ ಓಡಿತು, ಜನ ನಕ್ಕರು, ಮನೆಗೆ ಹೋದರು. ಚರ್ಚೆ ಮಾತ್ರ ಹುಟ್ಟಲಿಲ್ಲ. ನನ್ನ ಪ್ರಕಾರ ತೆರೆಯ ಮೇಲೆ ಕಡಿಮೆ ಹೊತ್ತು ಇರುವ ಗಾಯಕರಿಗೇ ಈ ಹಿಮ್ಮುಖ ಕ್ರಮ ಒಗ್ಗುತ್ತದೆ.

ಲೆಕ್ಕ ಕೇಳುವವರಿಗೆ: ಮೂರು ಸಂಜೆಗೆ ಖರ್ಚು ಸುಮಾರು ಹತ್ತು ಸಾವಿರ ರ‍್ಯಾಂಡ್, ಬಂದದ್ದು ಅದಕ್ಕಿಂತ ಒಂದೆರಡು ಸಾವಿರ ಜಾಸ್ತಿ. ದುಡ್ಡು ದಂಡ ಅಂದಿದ್ದ ಹಿರಿಯರು ಈಗ ಮುಂದಿನ ಸರಣಿಗೆ ಮುಂಗಡ ಕೊಟ್ಟಿದ್ದಾರೆ. ಆ ಸರಣಿ ಇಲ್ಲಿನದೇ ಇನ್ನೊಬ್ಬ ಗಾಯಕಿ, ನಟಿ ಡಾಲಿ ರಾಥೆಬೆಯದು. 1988ರ 'ಮಾಪಂತ್ಸುಲಾ' ಮೊದಲು, 1949ರ 'ಜಿಮ್ ಕಮ್ಸ್ ಟು ಜೋಬರ್ಗ್' ಕೊನೆಗೆ.