ಹಳ್ಳದ ನೀರು ಊರಿಗೆ ನುಗ್ಗುತ್ತಿದೆಯೇ? ತಡೆಗೋಡೆಗೆ ಸರ್ಕಾರದ ಹಣ ತರುವ ದಾರಿ

ಹಳ್ಳ ಉಕ್ಕಿದ ಮಾರನೇ ದಿನ ಊರಿನವರು ಮನವಿ ಹಿಡಿದು ಶಾಸಕರ ಬಳಿ ಹೋಗುತ್ತಾರೆ. ಹೋಗಲಿ, ಆದರೆ ಅದಕ್ಕೂ ಮುಂಚೆ ನೀರು ಏರಿದ ಮಟ್ಟವನ್ನು ಗುರುತು ಮಾಡಿಕೊಳ್ಳಬೇಕು. ಗುಡಿ ಗೋಡೆಯ ಕೆಸರಿನ ಗೆರೆ, ಬಳ್ಳಾರಿ ಜಾಲಿಯ ಕೊಂಬೆಗೆ ಸಿಕ್ಕಿಕೊಂಡ ಹುಲ್ಲು ಇನ್ನೊಂದು ಮಳೆಗೆ ಉಳಿಯುವುದಿಲ್ಲ. ಬಣ್ಣದಲ್ಲಿ ಗೆರೆ ಎಳೆದು, ಹಳ್ಳದ ತಳದಿಂದ ಎಷ್ಟು ಎತ್ತರ ಎಂದು ಟೇಪು ಹಿಡಿದು ಅಳೆದು, ದಿನಾಂಕ ಬೀಳುವಂತೆ ಫೋಟೊ ತೆಗೆಯಿರಿ. ಕಂದಾಯ ಇಲಾಖೆಯವರು ಬರೆಯುವ ಮಹಜರಿನಲ್ಲಿ ಈ ಅಳತೆ ಸೇರುವಂತೆ ನೋಡಿಕೊಳ್ಳಿ.

ಹಳ್ಳ ಯಾರ ಸುಪರ್ದಿನಲ್ಲಿದೆ?

ಜಗಳೂರು, ಚಳ್ಳಕೆರೆ ಕಡೆಯ ಒಣ ಹಳ್ಳಗಳ ಕಾಮಗಾರಿ ಸಾಮಾನ್ಯವಾಗಿ ಸಣ್ಣ ನೀರಾವರಿ ಇಲಾಖೆಗೆ ಬರುತ್ತದೆ. ಭದ್ರಾ ಅಚ್ಚುಕಟ್ಟಿನ ಬಸಿ ನೀರಿನ ಹಳ್ಳವಾದರೆ ನೀರಾವರಿ ನಿಗಮ, ಪಟ್ಟಣದ ರಾಜಕಾಲುವೆಯಾದರೆ ದಾವಣಗೆರೆಯಲ್ಲಿ ಮಹಾನಗರ ಪಾಲಿಕೆ, ಚಿತ್ರದುರ್ಗದಲ್ಲಿ ನಗರಸಭೆ. ತಪ್ಪು ಕಚೇರಿಗೆ ಕೊಟ್ಟ ಮನವಿಗೆ ‘ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಹಿಂಬರಹ ಕೈಸೇರುವಷ್ಟರಲ್ಲಿ ಒಂದು ಮಳೆಗಾಲ ಕಳೆದಿರುತ್ತದೆ. ಗ್ರಾಮಸಭೆಯ ಠರಾವು, ಗ್ರಾಮ ನಕ್ಷೆ, ಮಹಜರಿನ ಪ್ರತಿ ಮೂರನ್ನೂ ಲಗತ್ತಿಸಿ. ಸ್ವೀಕೃತಿ ಪಡೆಯದೆ ಬರಬೇಡಿ.

ಜೊತೆಗೇ ತಹಶೀಲ್ದಾರರಿಗೆ ಹಳ್ಳದ ಹದ್ದುಬಸ್ತಿಗೆ ಅರ್ಜಿ ಹಾಕಿ. ಕರ್ನಾಟಕ ಭೂ ಕಂದಾಯ ಕಾಯ್ದೆ, 1964ರ 67ನೇ ಕಲಂ ಪ್ರಕಾರ ಸಾರ್ವಜನಿಕ ಹಳ್ಳ ಸರ್ಕಾರದ ಸ್ವತ್ತು. ಕಾಗದದಲ್ಲಿ ಹನ್ನೆರಡು ಮೀಟರ್ ಇದ್ದದ್ದು ಜಾಗದಲ್ಲಿ ಐದೇ ಮೀಟರ್ ಉಳಿದಿರುವುದು ಅಪರೂಪವೇನಲ್ಲ. ಕೆಲಸ ನಿಲ್ಲುವುದು ಹೆಚ್ಚಾಗಿ ಇಲ್ಲಿಯೇ: ಜೆಸಿಬಿ ಬಂದ ದಿನ ಪಕ್ಕದ ಜಮೀನಿನವರು ತಡೆಯಾಜ್ಞೆ ತರುತ್ತಾರೆ. ಟೆಂಡರಿಗೆ ಮುಂಚೆಯೇ ಗಡಿಕಲ್ಲು ಬಿದ್ದಿರಲಿ.

ಯಾವ ಹಣ?

ರಾಜ್ಯ ವಿಪತ್ತು ಸ್ಪಂದನಾ ನಿಧಿಯಿಂದ ಹೊಸ ತಡೆಗೋಡೆ ಕೇಳುವುದು ವ್ಯರ್ಥ. ಅದು ಇರುವುದು ಪರಿಹಾರಕ್ಕೆ, ಹಾಳಾದದ್ದರ ತುರ್ತು ದುರಸ್ತಿಗೆ. ಮುಂದಿನ ಹಾನಿ ತಡೆಯುವ ಕೆಲಸಕ್ಕೆ ಇರುವುದು ವಿಪತ್ತು ಉಪಶಮನ ನಿಧಿ. 2021–26ರ ಅವಧಿಗೆ 15ನೇ ಹಣಕಾಸು ಆಯೋಗ ಒಟ್ಟು ಮೊತ್ತದಲ್ಲಿ ಶೇ 80ನ್ನು ಸ್ಪಂದನೆಗೆ, ಶೇ 20ನ್ನು ಉಪಶಮನಕ್ಕೆ ಎತ್ತಿಟ್ಟಿತ್ತು. ಈ ಪ್ರಸ್ತಾವವನ್ನು ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಮುಂದೆ ಇಡಿಸಬೇಕು. ಇನ್ನೊಂದು ದಾರಿ ಇಲಾಖೆಯ ಬಂಡವಾಳ ವೆಚ್ಚದ ಲೆಕ್ಕ ಶೀರ್ಷಿಕೆ, ಅಂದರೆ ಹೊಸ ಕಾಮಗಾರಿಗೆಂದು ಬಜೆಟ್‌ನಲ್ಲಿ ಹಣ ತೋರಿಸುವ ಬಾಬ್ತು. ಬಜೆಟ್‌ಗೆ ಸೇರಬೇಕಾದರೆ ಅಂದಾಜು ಪಟ್ಟಿ ಡಿಸೆಂಬರ್ ಒಳಗೆ ಮೇಲಿನ ಕಚೇರಿ ತಲುಪಿದರೆ ಒಳ್ಳೆಯದು.

ಅಂದಾಜಿನಲ್ಲಿ ಏನು ನೋಡಬೇಕು?

ನೀರಿನ ಲೆಕ್ಕ ಕೇಳಿ. ಹಳ್ಳಕ್ಕೆ ನೀರು ಹರಿದು ಬರುವ ಪ್ರದೇಶ 600 ಹೆಕ್ಟೇರ್, ಮಳೆ ಗಂಟೆಗೆ 50 ಮಿ.ಮೀ., ಅದರಲ್ಲಿ ಶೇ 40 ಹರಿದು ಬರುತ್ತದೆ ಎಂದಿಟ್ಟುಕೊಳ್ಳಿ. 600 × 50 × 0.4 ÷ 360 (ಹೆಕ್ಟೇರ್, ಮಿ.ಮೀ. ಲೆಕ್ಕವನ್ನು ಸೆಕೆಂಡಿನ ಘನ ಮೀಟರಿಗೆ ತರಲು 360ರಿಂದ ಭಾಗಿಸುವುದು), ಅಂದರೆ ಸೆಕೆಂಡಿಗೆ ಸುಮಾರು 33 ಘನ ಮೀಟರ್. 8 ಮೀಟರ್ ಅಗಲದ ಹಳ್ಳದಲ್ಲಿ 2 ಮೀಟರ್ ಆಳ, ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಹರಿದರೂ ಸಾಗುವುದು 32. ಅಂದರೆ ಎರಡು ಮೀಟರ್ ತುಂಬಿ ಹರಿದರೂ ಸಾಲದು, ನೀರಿನ ಮೇಲೆ ಸ್ವಲ್ಪ ಬಿಡುವೂ ಇರಬೇಕು; ಗೋಡೆ ಎರಡು ಮೀಟರಿಗಿಂತ ಅರ್ಧ ಮೀಟರಾದರೂ ಎತ್ತರ ಬೇಕು. ಬಂದ ಉತ್ತರವನ್ನು ನೀವು ಗುರುತಿಸಿದ ಗೆರೆಯ ಜೊತೆ ತಾಳೆ ನೋಡಿ.

ಆಮೇಲೆ ಕೆಳಗಿನ ಮೋರಿಗೆ ಹೋಗಿ. 1.2 ಮೀಟರಿನ ಎರಡು ಪೈಪಿನ ಮೋರಿ ಆರೇಳು ಘನ ಮೀಟರ್ ದಾಟಿಸಿದರೆ ಹೆಚ್ಚು. ಉಳಿದ ನೀರು ಹಿಂದಕ್ಕೇ ನಿಂತು, ಹೊಸ ಗೋಡೆ ಮುಗಿಯುವ ಕಡೆಯಿಂದ ಸುತ್ತಿಬಂದು ಊರಿಗೇ ನುಗ್ಗುತ್ತದೆ. ಮೋರಿ ಲೋಕೋಪಯೋಗಿ ಇಲಾಖೆಯದೋ, ಹೆದ್ದಾರಿ ಪ್ರಾಧಿಕಾರದ್ದೋ ನೋಡಿ, ಅದನ್ನು ಅಗಲ ಮಾಡುವ ಒಪ್ಪಿಗೆಯನ್ನೂ ಇದೇ ಕಡತಕ್ಕೆ ಸೇರಿಸಿ.

ಎರೆ ಭೂಮಿಯಲ್ಲಿ ಅಡಿಪಾಯವನ್ನು ಎರೆ ದಾಟಿ ಗಟ್ಟಿ ನೆಲಕ್ಕೆ ಇಳಿಸಬೇಕು. ನೀರು ಬುಡ ಕೊರೆಯುವ ಆಳಕ್ಕಿಂತಲೂ ಅದು ಕೆಳಗಿರಬೇಕು. ಗೋಡೆಯ ಹಿಂದೆ ಅಗೆದ ಎರೆಯನ್ನೇ ತುಂಬಿದರೆ ಅದು ನೆನೆದು ಉಬ್ಬಿ ಗೋಡೆಯನ್ನು ತಳ್ಳುತ್ತದೆ. ಹಾಗಾಗಿ ಗ್ರಾವೆಲ್ ಮಣ್ಣು, ಒಂದೂವರೆ ಮೀಟರಿಗೊಂದು ನೀರು ಬಸಿಯುವ ಪೈಪು, ಅದರ ಹಿಂದೆ ಜಲ್ಲಿ ಇವು ಅಂದಾಜಿನಲ್ಲೇ ಇವೆಯೇ ನೋಡಿ. ಸಣ್ಣ ಬಾಬ್ತು ಎಂದು ಮೊದಲು ಕೈಬಿಡುವುದು ಇವನ್ನೇ.

ಮಂಜೂರಾತಿಯಿಂದ ಕೆಲಸದವರೆಗೆ

ಮೊದಲು ಆಡಳಿತಾತ್ಮಕ ಅನುಮೋದನೆ, ಆಮೇಲೆ ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ. ಅನುಮೋದನೆ ಸಿಕ್ಕ ಮಾತ್ರಕ್ಕೆ ದುಡ್ಡು ಬಂತು ಎಂದಲ್ಲ. ಆದೇಶದಲ್ಲಿ ಲೆಕ್ಕ ಶೀರ್ಷಿಕೆ, ಆರ್ಥಿಕ ಇಲಾಖೆಯ ಸಹಮತಿ ಇದೆಯೇ ಓದಿ. ಶಂಕುಸ್ಥಾಪನೆಯ ಕಲ್ಲಿನ ಮೇಲೆ ಇವೆರಡೂ ಇರುವುದಿಲ್ಲ.

ಒಣ ಹಳ್ಳದಲ್ಲಿ ಜನವರಿಯಿಂದಲೇ ಅಡಿಪಾಯ ತೆಗೆಯಬಹುದು. ಅಚ್ಚುಕಟ್ಟಿನ ಹಳ್ಳದಲ್ಲಿ ಬೇಸಿಗೆ ಬೆಳೆಯ ಬಸಿ ನೀರು ಹರಿಯುತ್ತಲೇ ಇರುವುದರಿಂದ, ನಾಲೆ ನಿಂತ ಮೇಲೆ ಮುಂಗಾರು ಹಿಡಿಯುವವರೆಗಿನ ಕೆಲವು ವಾರಗಳೇ ಗತಿ. ಕಾರ್ಯಾದೇಶದ ದಿನಾಂಕವನ್ನು ನಾಲೆ ನೀರಿನ ವೇಳಾಪಟ್ಟಿಗೆ ಹೊಂದಿಸುವಂತೆ ಬರೆದುಕೊಡಿ. ಕೆಲಸ ನಡೆಯುವಾಗ ಅಡಿಪಾಯ ಮುಚ್ಚುವ ಮುನ್ನ ಆಳ ಅಳೆದು ಫೋಟೊ ಇಟ್ಟುಕೊಳ್ಳಿ. ಅಳತೆ ಪುಸ್ತಕದ ಪ್ರತಿಯನ್ನು ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದ ಅರ್ಜಿ ಹಾಕಿ ಕೇಳಬಹುದು, ಪ್ರತಿ ಮಾಡಿಸುವ ಖರ್ಚು ಬೇರೆ. ಅದರಲ್ಲಿ ಬರೆದ ಆಳ ನಿಮ್ಮ ಫೋಟೊದ ಆಳಕ್ಕೆ ಹೊಂದದಿದ್ದರೆ ಅಂತಿಮ ಬಿಲ್ ಪಾಸಾಗುವ ಮೊದಲೇ ಕಾರ್ಯಪಾಲಕ ಎಂಜಿನಿಯರ್‌ಗೆ ಲಿಖಿತ ದೂರು ಕೊಡಿ.