ಜಗಲಿ ಅಂಚು ಯಾಕೆ ಇಷ್ಟು ಚೂಪು?

ಬಸವನಗುಡಿಯಲ್ಲಿದ್ದ ನಮ್ಮ ತಾತನ ಮನೆ ಈಗಿಲ್ಲ. ಮಂಗಳೂರು ಹೆಂಚು, ಮುಂದೆ ಜಗಲಿ, ಒಳಗೆಲ್ಲ ರೆಡ್ ಆಕ್ಸೈಡ್ ನೆಲ. ಕೆಡವಿದ ಮೇಲೆ ಅದನ್ನು ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರ್‌ನಲ್ಲಾದರೂ ಮತ್ತೆ ಕಟ್ಟೋಣ ಅಂತ ಕೂತೆ. ಎರಡು ತಿಂಗಳು, ಆಫೀಸಿನಿಂದ ಬಂದ ಮೇಲೆ ರಾತ್ರಿ ಹೊತ್ತು. ಮೊದಲ ರೆಂಡರ್, ಅಂದರೆ ಸಾಫ್ಟ್‌ವೇರ್ ಲೆಕ್ಕ ಹಾಕಿ ಕೊಡುವ ಚಿತ್ರ, ಬಂದಾಗ ಖುಷಿಯಲ್ಲಿ ಎಲ್ಲರಿಗೂ ಕಳಿಸಿ "ಹೇಗಿದೆ?" ಅಂತ ಕೇಳಿದೆ. ಸೂಪರ್, ಮಸ್ತ್ ಅಂದರು. ಅದರಿಂದ ಚಿತ್ರ ಒಂದಿಷ್ಟೂ ಸುಧಾರಿಸಲಿಲ್ಲ. "ಹೇಗಿದೆ" ಅಂತ ಕೇಳಿದರೆ "ಚೆನ್ನಾಗಿದೆ" ಅಂತಲೇ ಹೇಳುತ್ತಾರೆ, ಅಲ್ವಾ?

ಆಮೇಲೆ ಬೇರೆ ಥರ ಕೇಳಿದೆ. ಇಲ್ಲಿ ಈಗ ಎಷ್ಟು ಗಂಟೆ ಇರಬಹುದು? ಕಣ್ಣು ಮೊದಲು ಎಲ್ಲಿಗೆ ಹೋಯಿತು? ಏನು ಸುಳ್ಳು ಅನಿಸಿತು?

ಗೆಳೆಯನೊಬ್ಬ "ಸಂಜೆ ನಾಲ್ಕೂವರೆ" ಅಂದ. ನಾನು ಮಾಡಿದ್ದು ಏಪ್ರಿಲ್ ತಿಂಗಳ ನಡು ಮಧ್ಯಾಹ್ನ! ಬೆಂಗಳೂರು ಸುಮಾರು 13 ಡಿಗ್ರಿ ಉತ್ತರದಲ್ಲಿದೆ, ಏಪ್ರಿಲ್ 24ರ ಸುಮಾರಿಗೆ ಇಲ್ಲಿ ಸೂರ್ಯ ನೆತ್ತಿಗೇ ಬಂದು ಕಂಬದ ನೆರಳು ಬುಡದಲ್ಲೇ ಮಾಯವಾಗುತ್ತದೆ. ನನ್ನ ಕಂಬಗಳ ನೆರಳು ಅಂಗಳ ದಾಟಿತ್ತು. ಯಾವುದೋ ವಿಡಿಯೋ ನೋಡಿ ಸೂರ್ಯನನ್ನು ಹಾಗೇ ಓರೆಯಾಗಿ ಇಟ್ಟುಬಿಟ್ಟಿದ್ದೆ.

ಇನ್ನೊಬ್ಬಳು ಹೇಳಿದ್ದು ಅರ್ಥವಾಗಲು ಮೂರು ದಿನ ಹಿಡಿಯಿತು. "ದಸರಾ ಗೊಂಬೆ ಜೊತೆ ಇಡೋ ಮನೆ ಥರ ಕಾಣ್ತಿದೆ" ಅಂದಳು. ಬೇಜಾರಾಯಿತು. ಹೆಂಚಿನ ಟೆಕ್ಸ್ಚರ್ ಬದಲಾಯಿಸಿದೆ, ಗೋಡೆಗೆ ಪಾಚಿ ಹಚ್ಚಿದೆ, ಏನು ಮಾಡಿದರೂ ಗೊಂಬೆ ಮನೆಯೇ. ಕೊನೆಗೆ ಬಾಗಿಲು ಅಳೆದು ನೋಡಿದೆ. 7 ಅಡಿ, ಅಂದರೆ 2.1 ಮೀಟರ್ ಇರಬೇಕಾದ ಬಾಗಿಲು ಫೈಲಿನಲ್ಲಿ ಬರೀ 70 ಸೆಂಟಿಮೀಟರ್! ಕಣ್ಣಂದಾಜಿನಲ್ಲೇ ಕಟ್ಟಿದ್ದೆ. ಸಾಫ್ಟ್‌ವೇರ್ ಒಳಗಿನ ಕ್ಯಾಮೆರಾದ ಎಫ್-ಸ್ಟಾಪ್ 2.8ರಲ್ಲಿತ್ತು, ಅಂದರೆ ಲೆನ್ಸಿನ ಕಿಂಡಿ ತುಂಬಾ ತೆರೆದಿತ್ತು. ಅಷ್ಟು ಚಿಕ್ಕ ವಸ್ತುವನ್ನು ಹತ್ತಿರದಿಂದ ತೆಗೆದರೆ ಹಿಂದೆ ಮುಂದೆ ಎಲ್ಲ ಮಸುಕಾಗುತ್ತದೆ, ನಿಜವಾದ ಗೊಂಬೆ ಮನೆಯ ಫೋಟೋದಲ್ಲೂ ಹಾಗೇ ಆಗುವುದು. ಕ್ಯಾಮೆರಾ ಸಮೇತ ಎಲ್ಲವನ್ನೂ 3 ಪಟ್ಟು ದೊಡ್ಡದು ಮಾಡಿದೆ, ಮನೆ ಮನೆಯಾಯಿತು. ಅವಳಿಗೆ ಬ್ಲೆಂಡರ್ ಗೊತ್ತಿಲ್ಲ, ಆದರೆ ಕಂಡದ್ದನ್ನು ಸರಿಯಾಗಿ ಹೇಳಿದ್ದಳು. ಕಾರಣ ಹುಡುಕುವುದು ನನ್ನ ಕೆಲಸ.

ಬೇರೆಯವರಿಗೆ ಹೇಳುವಾಗ ನಾನೂ ತಪ್ಪಿದ್ದೇನೆ. ಹೊಸದಾಗಿ ಕಲಿಯುತ್ತಿದ್ದ ಹುಡುಗನೊಬ್ಬ ಮೆಟ್ರೋ ಸ್ಟೇಷನ್ ಸೀನ್ ತೋರಿಸಿದ. ಬೋಲ್ಟು, ಬೋರ್ಡು, ಟೈಲ್ಸ್ ಅಂತ 14 ತಪ್ಪು ಬರೆದುಕೊಟ್ಟೆ. ಪಾಪ, ವಾರವಿಡೀ ಕೂತು ಎಲ್ಲ ಸರಿ ಮಾಡಿ ತಂದ, ಚಿತ್ರ ಮಾತ್ರ ಹಾಗೇ ಇತ್ತು. ನಿಜವಾದ ತೊಂದರೆ 18 ಎಂಎಂ ಲೆನ್ಸು, ಅಂದರೆ ತುಂಬಾ ಅಗಲಕ್ಕೆ ನೋಡುವ ಲೆನ್ಸು. ಅಂಚಿನ ಕಂಬಗಳೆಲ್ಲ ಅಗಲಕ್ಕೆ ಎಳೆದಂತೆ ಕಾಣುತ್ತಿದ್ದವು. 35ಕ್ಕೆ ಬದಲಿಸಿ ಕ್ಯಾಮೆರಾ ಹಿಂದಕ್ಕೆ ಸರಿಸಿದ್ದರೆ ಐದು ನಿಮಿಷದ ಕೆಲಸ. ಅವನ ಒಂದು ವಾರ ಹಾಳಾದದ್ದು ನನ್ನಿಂದ. ಈಗ ಯಾರಾದರೂ ತೋರಿಸಿದರೆ ಮೊದಲು ಕ್ಲೇ ರೆಂಡರ್ ಕೇಳುತ್ತೇನೆ. ಬಣ್ಣ ಇಲ್ಲದೆ ಎಲ್ಲ ಒಂದೇ ಬೂದಿ ಬಣ್ಣದಲ್ಲಿದ್ದಾಗ ಕ್ಯಾಮೆರಾ, ಬೆಳಕು ಸರಿಯಿದೆಯಾ ಅಂತ ತಕ್ಷಣ ಗೊತ್ತಾಗುತ್ತದೆ. ಬೋಲ್ಟಿನ ಮಾತು ಆಮೇಲೆ.

ಚಿಕ್ಕಮ್ಮನಿಗೆ ಕೊನೆಯಲ್ಲಿ ತೋರಿಸಿದೆ. ಆ ಮನೆಯಲ್ಲೇ ಬೆಳೆದವರು. ಲ್ಯಾಪ್‌ಟಾಪ್ ಹತ್ತಿರ ಎಳೆದುಕೊಂಡು ತುಂಬಾ ಹೊತ್ತು ನೋಡಿದರು. "ಜಗಲಿ ಅಂಚು ಯಾಕೆ ಇಷ್ಟು ಚೂಪಾಗಿದೆ? ಕೂತ್ರೆ ತೊಡೆಗೆ ಒತ್ತುತ್ತೆ ಕಣೋ" ಅಂದರು. ಬೆವೆಲ್, ಅಂದರೆ ಅಂಚನ್ನು ಸ್ವಲ್ಪ ದುಂಡಗೆ ಮಾಡುವುದು, ಹಾಕಿರಲಿಲ್ಲ. ನಿಜವಾದ ಯಾವ ಅಂಚೂ ಪೂರ್ತಿ ಚೂಪಾಗಿರುವುದಿಲ್ಲ, ಸ್ವಲ್ಪ ಸವೆದಿದ್ದರೇ ಅಲ್ಲಿ ಬೆಳಕು ಸಣ್ಣ ಗೆರೆಯಾಗಿ ಹೊಳೆಯುವುದು. ಎರಡು ಸೆಂಟಿಮೀಟರ್ ಬೆವೆಲ್ ಕೊಟ್ಟು ಮುಂದಿನ ಭಾನುವಾರ ಮತ್ತೆ ತೋರಿಸಿದೆ.

"ಹಾಂ, ಈಗ ಕೂರಬಹುದು" ಅಂದರು. ಆಮೇಲೆ ಎಡಗಡೆ ಕಂಬದ ಮೇಲೆ ಬೆರಳಿಟ್ಟು, "ಇಲ್ಲಿ ಎಣ್ಣೆ ಕಲೆ ಇತ್ತು, ನಿಮ್ಮ ತಾತ ದಿನಾ ತಲೆ ಒರಗಿಸಿ ಕೂರ್ತಿದ್ದ ಜಾಗ" ಅಂದರು. ಎಷ್ಟು ಎತ್ತರದಲ್ಲಿ ಅಂತ ಕೇಳಿದೆ. ಗೋಡೆಗೆ ಒರಗಿ ನೆಲದ ಮೇಲೆ ಕೂತು ತೋರಿಸಿದರು, ಟೇಪು ಹಿಡಿದು ಅಳೆದುಕೊಂಡೆ. ಈ ವಾರ ಆ ಕಲೆಯನ್ನೇ ಪೇಂಟ್ ಮಾಡುತ್ತಿದ್ದೇನೆ.