ಸೂಕ್ಷ್ಮ ಡೈ ನಡುವೆ ಕತ್ತರಿಸದಿದ್ದರೆ
ಹಿಡಿ ತಿರುಗಿಸುವ ಪುಟ್ಟ ಡೈ ಕಟಿಂಗ್ ಯಂತ್ರದಲ್ಲಿ ಬಳ್ಳಿ, ಜಾಲರಿಯಂಥ ಡೈ (ಕಾಗದವನ್ನು ಆಕಾರಕ್ಕೆ ಕತ್ತರಿಸುವ ಅಲಗಿನ ಅಚ್ಚು) ಹಾಕಿದರೆ ಕಾರ್ಡಿನ ಅಂಚು ಸಲೀಸಾಗಿ ಕತ್ತರಿಸಿ ಬರುತ್ತಿತ್ತು. ನಡುವೆ ಬರೀ ಗೀರು. ಬಲ ಹಾಕಿ ತಿರುಗಿಸಿದ್ದು, ಡೈಯನ್ನು ನಡುವೆ ಇಟ್ಟು ಒತ್ತುವ ಹೊಸ ಪ್ಲೇಟ್ ತಂದದ್ದು ಯಾವುದೂ ಫಲ ಕೊಡಲಿಲ್ಲ. ದಪ್ಪ ರಟ್ಟು ತುರುಕಿದರೆ ಪ್ಲೇಟ್ ಬಾಗಿತು, ಅಷ್ಟೇ.

ಕೆಲಸಕ್ಕೆ ಬಂದ ಜೋಡಣೆ ಕೆಳಗಿನಿಂದ ಮೇಲಕ್ಕೆ ಹೀಗೆ: ತಳದ ಹಲಗೆ, ಪಾರದರ್ಶಕ ಪ್ಲೇಟ್, ಅಲಗು ಮೇಲ್ಮುಖವಾದ ಡೈ, ಮೇಣದ ಕಾಗದ, 200 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ಕಾರ್ಡ್, ಎರಡನೇ ಪ್ಲೇಟ್. ಅದರ ಮೇಲೆ 80 ಜಿಎಸ್‌ಎಂ ಜೆರಾಕ್ಸ್ ಹಾಳೆಯ ಎರಡು ತುಂಡು, ಕತ್ತರಿಸದೆ ಉಳಿಯುವ ಜಾಗದಷ್ಟೇ ಅಗಲ. ಇಡೀ ಹಾಳೆ ಹಾಕಿದರೆ ಒತ್ತಡ ಮತ್ತೆ ಅಂಚಿಗೇ ಹೋಗುತ್ತದೆ. ಡೈಯ ಉದ್ದದ ಬದಿ ರೋಲರಿಗೆ ಒಮ್ಮೆಲೇ ಸಿಗದಂತೆ ತುಸು ಓರೆಯಾಗಿಡಬೇಕು. ನಿಧಾನವಾಗಿ ಒಮ್ಮೆ ಆಚೆ, ಒಮ್ಮೆ ಈಚೆ ತಿರುಗಿಸಬೇಕು. ಸಾಲದಿದ್ದರೆ ಇನ್ನೊಂದೇ ತುಂಡು. ಹಿಡಿ ತೀರಾ ಬಿಗಿಯಾದರೆ ಅಲ್ಲೇ ನಿಲ್ಲಿಸಿ, ಒಂದು ತುಂಡು ತೆಗೆಯಿರಿ. ಪ್ಲೇಟುಗಳನ್ನು ಪ್ರತಿ ಸಲ ಮಗುಚಿ ಹಾಕಿದರೆ ಬಾಗು ಹೆಚ್ಚುವುದಿಲ್ಲ.